ಐವತ್ತು ಸಾವಿರಕ್ಕೆ ಮಾರಿದ ಕನಸು

"ಚಂಗ್ದೊ ಕಡೆಯ ಗಾಮ್ ಹಣ್ಣು ತಿಂದಿದ್ದೀರೇನ್ರೇ? ಹೊರಗಿಂದ ಕೆಂಪಗೆ, ದುಂಡಗೆ, ಕಣ್ಣಿಗೆ ಹಬ್ಬ. ಕುಯ್ದರೆ ಒಳಗೆ ಒಂದು ಬೀಜ ಸಿಗಲ್ಲ. ನಮ್ಮ ಅಳಿಯಂದಿರೂ ಅದೇ ಊರಿನ ಮಾಲು."

ಮಾಲ್ಸುನ್ ಇದನ್ನು ಹೇಳಿದ್ದು ಸಿಂಪಿ ಬಿಡಿಸುವ ಷೆಡ್ಡಿನ ನಟ್ಟನಡುವೆ ನಿಂತು, ಹದಿನಾಲ್ಕು ಹೆಂಗಸರ ಎದುರಿಗೆ. ಎರಡು ಉದ್ದನೆಯ ಮೇಜುಗಳ ಮೇಲೆ ಗುಡ್ಡೆ ಹಾಕಿದ್ದ ಸಿಂಪಿಗಳಿಂದ ಸಮುದ್ರದ ನೀರು ಸೋರುತ್ತಿತ್ತು. ಹದಿನಾಲ್ಕು ಚಾಕುಗಳು ಒಂದೇ ಸಲ ನಿಂತವು. ಆಮೇಲೆ ಯಾರೋ ಕಿಸಕ್ಕೆಂದರು. ಆ ನಗು ಮೇಜಿನ ಈ ತುದಿಯಿಂದ ಆ ತುದಿಗೆ ಹರಿದು, ಬಾಗಿಲ ಹತ್ತಿರ ನಿಂತಿದ್ದ ಗಿಲ್ಸುವಿನ ಕಾಲ ಬುಡಕ್ಕೆ ಬಂದು ಬಿತ್ತು.

ಅವನು ಕೇಳಿದ್ದು ಇಷ್ಟೇ: ಗುರುವಾರ ಒಂದು ದಿನ ರಜೆ, ಅವನಿಗೂ ಹೆಂಡತಿ ಯುರಾನ್‌ಗೂ. ಮದುವೆಯಾಗಿ ಆರು ವರ್ಷವಾಯಿತು, ಒಂದು ಸಲ ಬುಸಾನ್ ನೋಡಿಕೊಂಡು ಬರುತ್ತೇವೆ.

"ಕಿಮ್ಚಿ ಹಾಕೋ ವಾರದಲ್ಲಿ," ಎಂದಳು ಮಾಲ್ಸುನ್, ಈಗ ಅವನ ಕಡೆ ತಿರುಗಿ. "ಇಡೀ ದೇಶದ ಹೆಂಗಸರು ಎಲೆಕೋಸಿಗೆ ಉಪ್ಪು ಹಚ್ಚಿ ನಮ್ಮ ಸಿಂಪಿಗೆ ಕಾಯ್ತಾ ಕೂತಿರೋ ವಾರದಲ್ಲಿ, ನೀವು ಊರು ನೋಡೋಕೆ ಹೊರಟಿದ್ದೀರಿ. ಸಮುದ್ರ ಇಲ್ಲಿಲ್ವಾ? ನಮ್ಮ ತೊಂಗ್ಯೊಂಗ್ ಸಮುದ್ರಕ್ಕೇನು ಬಣ್ಣ ಹೋಗಿದೆಯಾ?"

"ಒಂದೇ ದಿನ, ಅತ್ತೆ."

"ಒಂದು ದಿನ ಅಂದ್ರೆ ಮುನ್ನೂರು ಕೆಜಿ. ಹೋಗಿ, ಹೋಗಿ. ಮನೆ ಅಳಿಯಂದಿರಿಗೆ ಬೇಡ ಅನ್ನೋಕೆ ನಾನ್ಯಾರು? ಲಾರಿ ಮಾತ್ರ ಕೊಡಲ್ಲ. ಬಸ್ಸಿಗೆ ಹೋಗಿ."

ಷೆಡ್ಡಿನ ಮೂಲೆಯಲ್ಲಿ ತಕ್ಕಡಿಯ ಮುಂದೆ ಯುರಾನ್ ಕೂತಿದ್ದಳು. ಒಬ್ಬೊಬ್ಬ ಹೆಂಗಸು ಬಿಡಿಸಿ ತಂದ ಸಿಂಪಿಯನ್ನು ತೂಗಿ, ಹಲಗೆಯ ಮೇಲೆ ಬರೆಯುವುದು ಅವಳ ಕೆಲಸ. ಅವಳು ತಲೆ ಎತ್ತಲಿಲ್ಲ. ತಕ್ಕಡಿಯ ಮುಳ್ಳು ಆಗಲೇ ನಿಂತಿತ್ತು; ಅವಳು ಅದನ್ನೇ ನೋಡುತ್ತ ಕೂತಿದ್ದಳು.

ಗಿಲ್ಸು ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸಿ ಎತ್ತಿಕೊಂಡು ದಕ್ಕೆಗೆ ಹೋದ. ದೋಣಿಯಲ್ಲಿ ಮಾವ ದಾಲ್ಮುನ್ ಹಗ್ಗ ಸುತ್ತುತ್ತಿದ್ದ.

"ಏನಂದಳು?"

"ಹೋಗಿ ಅಂದರು."

"ಬರೀ ಹೋಗಿ ಅಂದಿರಲ್ಲ," ಎಂದ ದಾಲ್ಮುನ್. "ಗುರುವಾರ ನಿನ್ನ ಪಾಳಿ ನಾನು ಮಾಡ್ತೀನಿ. ಸೊಂಟಕ್ಕೆ ಒಂದು ಪಟ್ಟಿ ಹೆಚ್ಚು ಬಿಗಿದ್ರೆ ಆಯ್ತು. ಹೋಗ್ಬನ್ನಿ."

ಬುಸಾನ್ ನೋಡುವ ಚಪಲ ಗಂಡಹೆಂಡಿರಿಬ್ಬರಲ್ಲಿ ಯಾರಿಗೂ ಇರಲಿಲ್ಲ. ಹತ್ತು ದಿನದ ಹಿಂದಿನ ಶನಿವಾರ, ಯುರಾನ್‌ಳ ಹಲ್ಲಿನ ಹುಳುಕು ತೆಗೆಸಬೇಕು ಎಂದು ಮನೆಯಲ್ಲಿ ಹೇಳಿ, ಅವರು ಬುಸಾನಿನ ಒಂದು ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಗಾಜಿನ ತಟ್ಟೆಯಲ್ಲಿ ಐದು ದಿನ ಬೆಳೆಸಿದ್ದ ಭ್ರೂಣವನ್ನು ಅವಳ ಗರ್ಭಕ್ಕೆ ಸೇರಿಸಿ ಕಳಿಸಿದ್ದರು. ಇದು ಮೂರನೆಯ ಸಲ. ಹಿಂದಿನ ಎರಡೂ ನಿಂತಿರಲಿಲ್ಲ. ಇನ್ನು ಬೇರೆ ಭ್ರೂಣ ಉಳಿದಿರಲಿಲ್ಲ, ಯುರಾನ್ ಕೂಡಿಟ್ಟಿದ್ದ ದುಡ್ಡೂ ಉಳಿದಿರಲಿಲ್ಲ. ನಿಂತಿತೋ ಇಲ್ಲವೋ ಗೊತ್ತಾಗುವುದು ಗುರುವಾರ ಬೆಳಿಗ್ಗೆ ಕೊಡುವ ರಕ್ತದಿಂದ. ಎರಡನೆಯ ಸಲ ಹಲ್ಲಿನ ನೆಪ ನಡೆಯುವುದಿಲ್ಲವೆಂದು ಊರು ನೋಡುವ ನೆಪ.

ಮನೆಯಲ್ಲಿ ಏಕೆ ಹೇಳಬಾರದು ಎಂದು ಗಿಲ್ಸು ಮೊದಲ ಸಲವೇ ಕೇಳಿದ್ದ.

"ಅಮ್ಮನಿಗೆ ಗೊತ್ತಾದ್ರೆ ಹದಿನಾಲ್ಕು ಜನಕ್ಕೂ ಗೊತ್ತಾಗುತ್ತೆ," ಎಂದಿದ್ದಳು ಯುರಾನ್. "ದಿನಾ ತೂಕ ಹಾಕ್ತಾರೆ ರೀ ನನ್ನ. ನಿಂತಿದೆಯಾ, ಇಳಿದಿದೆಯಾ ಅಂತ. ನನ್ ಕೈಲಾಗಲ್ಲ."

ಹಾಗಾಗಿ ಸೂಜಿಮದ್ದನ್ನು ಅವನೇ ಕೊಡುತ್ತಿದ್ದ. ರಾತ್ರಿ ಊಟವಾದ ಮೇಲೆ ಕೋಣೆಯ ಬಾಗಿಲು ಹಾಕಿ, ಟೀವಿ ಜೋರಾಗಿ ಇಟ್ಟು. ಹತ್ತನೇ ಕ್ಲಾಸೂ ಮುಗಿಸದ ಕೈ ಅದು, ಸಿಂಪಿಯ ಹಗ್ಗ ಎಳೆದು ಎಳೆದು ಬೆರಳುಗಳ ತುದಿ ಒಡೆದಿದ್ದವು.

ಆ ಶನಿವಾರ ಕಳೆದು ಸೋಮವಾರ ನಸುಕಿಗೂ ಮುಂಚೆ ಗಿಲ್ಸುವಿಗೆ ಒಂದು ಕನಸು ಬಿತ್ತು. ಅದನ್ನು ಅವನು ಬೆಳಿಗ್ಗೆ ಏಳು ಗಂಟೆಯ ಊಟದಲ್ಲಿ, ದೋಣಿಯ ಮೊದಲ ಸುತ್ತು ಮುಗಿಸಿ ಬಂದ ಹಸಿವಿನಲ್ಲಿ, ಯೋಚನೆಯಿಲ್ಲದೆ ಹೇಳತೊಡಗಿದ. ಯುರಾನ್ ನಸುಕಿಗೇ ಷೆಡ್ಡಿಗೆ ಹೋಗಿದ್ದಳು. ಮಾಲ್ಸುನ್ ಅನ್ನ ಬಡಿಸಲು ಅಷ್ಟೊತ್ತಿಗೆ ಮನೆಗೆ ಬಂದಿದ್ದಳು. ಮೇಜಿನ ಮೇಲೆ ಸೋಯಾ ಸಾರು, ಹುರಿದ ಸಣ್ಣ ಮೀನು, ಹಳೆಯ ಮೂಲಂಗಿ ಕಿಮ್ಚಿ.

"ಏನ್ ಕನಸು ಮಾವ ಅದು. ಒಂದು ದೊಡ್ಡ ದೇಗು ಮೀನು. ನನ್ನ ತೋಳಿನುದ್ದ ಇತ್ತು. ದಕ್ಕೆಯಿಂದ ಮೆಟ್ಟಿಲು ಹತ್ತಿಕೊಂಡು ತಾನೇ ಬಂತು. ಅಂಗಳ ದಾಟಿತು. ನಮ್ಮ ಕೋಣೆಗೆ ಬಂದು, ಬೆಚ್ಚಗಿರೋ ಜಾಗ ನೋಡ್ಕೊಂಡು, ರಜಾಯಿ ಒಳಗೆ ನುಗ್ಗಿ..."

"ನಿಲ್ಸು," ಎಂದಳು ಮಾಲ್ಸುನ್.

ಅವಳ ಕೈಯ ಸೌಟು ಸಾರಿನ ಪಾತ್ರೆಯ ಮೇಲೆ ನಿಂತಿತ್ತು.

"ಹೇಳಲಿ ಬಿಡೆ," ಎಂದ ದಾಲ್ಮುನ್. "ಪಾಪ, ಮೀನಿಗೂ ಚಳಿಯಾಗಿತ್ತೇನೋ."

"ಸುಮ್ನಿರಿ ನೀವು. ಅದು ಮೀನಲ್ಲ, ಮಗು." ಅವಳು ಸೌಟು ಕೆಳಗಿಟ್ಟು, ಸೊಂಟದ ಚೀಲದ ಜಿಪ್ಪೆಳೆದು ಐವತ್ತು ಸಾವಿರ ವೊನ್‌ನ ಒಂದು ನೋಟು ತೆಗೆದಳು. "ಪೂರ್ತಿ ಹೇಳಿದ್ರೆ ಹಾಳಾಗುತ್ತೆ. ಮಾರು ನಂಗೆ."

"ಏನನ್ನ?"

"ಕನಸನ್ನ. ಚಾಂಗ್ವೊನ್ ಸೊಸೆಗೆ ಬೇಕು."

ಮಗ ಚಾಂಗ್ವೊನ್‌ನಲ್ಲಿ ಯಂತ್ರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮದುವೆಯಾಗಿ ಎರಡು ವರ್ಷ. ಮಾಲ್ಸುನ್ ಆ ಸೊಸೆಗೆ ತಿಂಗಳಿಗೊಮ್ಮೆ ಸಿಂಪಿ, ಒಣಮೀನು, ಜೇನು ಕಳಿಸುತ್ತಿದ್ದಳು. ತಿಂಗಳಿಗೊಮ್ಮೆ ಫೋನು ಮಾಡಿ ಏನನ್ನೂ ಕೇಳದೆ, ಕೇಳಬೇಕಾದ್ದನ್ನು ಕೇಳುತ್ತಿದ್ದಳು.

"ಕನಸು ಯಾರಾದ್ರೂ ಮಾರ್ತಾರಾ ಅತ್ತೆ," ಎಂದ ಗಿಲ್ಸು. ಮಾರುತ್ತಾರೆಂದು, ಕನಸಿನ ಫಲ ಕೊಂಡವರಿಗೇ ಹೋಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಚಿಕ್ಕಮ್ಮ ಹಂದಿಯ ಕನಸನ್ನು ಒಂದು ಕೋಳಿಗೆ ಕೊಂಡಿದ್ದಳು.

"ಇಟ್ಕೊಂಡು ನೀವೇನ್ ಮಾಡ್ತೀರಿ? ಆರು ವರ್ಷದಿಂದ ಬೋರಲು ಬಿದ್ದಿರೋ ಗಡಿಗೆ. ಉಪಯೋಗ ಇರೋ ಕಡೆ ಹೋಗಲಿ. ಯಾಕೆ, ಕೊಡಲ್ವಾ?"

ಕೊಡಲ್ಲ ಎಂದರೆ ಮುಂದಿನ ಪ್ರಶ್ನೆ ಯಾಕೆ ಎಂಬುದು. ಅದಕ್ಕೆ ಇದ್ದದ್ದು ಒಂದೇ ಉತ್ತರ, ಅದನ್ನು ಹೇಳುವುದಿಲ್ಲವೆಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ಗಿಲ್ಸು ಅನ್ನದ ಬಟ್ಟಲನ್ನು ನೋಡಿದ. ಮಾವ ಅವನನ್ನು ನೋಡಿದ.

"ಮಾರಿದೆ ಅನ್ನು," ಎಂದಳು ಮಾಲ್ಸುನ್, ಎರಡೂ ಕೈಯಲ್ಲಿ ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನ ಸೆರಗನ್ನು ಒಡ್ಡಿ.

"ಮಾರಿದೆ."

ಅವಳು ಏನೋ ಭಾರವಾದದ್ದು ಬಿದ್ದಂತೆ ಬಟ್ಟೆಯನ್ನು ಮಡಚಿಕೊಂಡಳು. ನೋಟು ಕಿಮ್ಚಿಯ ಬಟ್ಟಲಿನ ಪಕ್ಕದಲ್ಲಿ ಉಳಿಯಿತು.

ಯುರಾನ್‌ಗೆ ಅವನು ಹೇಳಲಿಲ್ಲ. ನೋಟನ್ನು ನಾಲ್ಕಾಗಿ ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡ.

ಗುರುವಾರ ಆರೂವರೆಯ ಬಸ್ಸಿಗೆ ಹೊರಟರು. ಬುಸಾನಿನ ಆಸ್ಪತ್ರೆಯಲ್ಲಿ ಒಂಬತ್ತಕ್ಕೆ ರಕ್ತ ತೆಗೆದರು. ಎರಡು ನಿಮಿಷದ ಕೆಲಸ. "ಮಧ್ಯಾಹ್ನ ಎರಡರೊಳಗೆ ಫೋನ್ ಮಾಡ್ತೀವಿ," ಎಂದಳು ನರ್ಸ್. "ಇಲ್ಲೇ ಕಾಯ್ಬೇಡಿ. ಎಲ್ಲಾದ್ರೂ ಸುತ್ತಾಡ್ಕೊಂಡು ಬನ್ನಿ, ಮನಸ್ಸಿಗೂ ಒಳ್ಳೇದು."

ಹೊರಗೆ ಬಿಸಿಲಿತ್ತು. ಐದು ಗಂಟೆಗಳ ಕಾಲ ಕೈಯಲ್ಲಿತ್ತು, ಅದನ್ನು ಎಲ್ಲಿ ಇಳಿಸಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ಊರು ನೋಡೋಕೆ ಬಂದಿದ್ದೀವಲ್ಲ," ಎಂದಳು ಯುರಾನ್. "ನೋಡೋಣ. ಫೋಟೋ ಇಲ್ದೆ ಹೋದ್ರೆ ಅಮ್ಮ ನಂಬಲ್ಲ."

ಮೊದಲು ನಾಂಪೊ ಪೇಟೆ. ಅಲ್ಲಿ ಎಣ್ಣೆಯಲ್ಲಿ ಕರಿದ ಸಿಹಿರೊಟ್ಟಿಯನ್ನು ಕತ್ತರಿಯಿಂದ ಸೀಳಿ, ಒಳಗೆ ಕುಂಬಳದ ಬೀಜ, ಸೂರ್ಯಕಾಂತಿಯ ಬೀಜ ತುಂಬಿ ಕೊಡುತ್ತಾರೆ. ಸಾಲಿನಲ್ಲಿ ನಿಂತು ಎರಡು ಕೊಂಡರು. ಯುರಾನ್ ತನ್ನ ರೊಟ್ಟಿಯಿಂದ ಒಂದು ಚಮಚ ಬೀಜ ತೆಗೆದು ಅವನ ರೊಟ್ಟಿಗೆ ಸುರಿದಳು.

"ತಗೊಳ್ಳಿ. ಈಗ ತುಂಬಿತು ಅಂತ ಅಮ್ಮನಿಗೆ ಹೇಳ್ತೀನಿ."

ಅವಳು ನಕ್ಕಳು. ಅವನು ನಗಲಿಲ್ಲ.

"ತಮಾಷೆ ರೀ."

"ಗೊತ್ತು."

"ಮುಖ ಹಾಗಿಟ್ಕೊಂಡ್ರೆ ಫೋಟೋ ಹೇಗೆ ತೆಗೀಲಿ? ಹಲ್ಲು ತೋರಿಸಿ."

ಹಲ್ಲು ತೋರಿಸಿದ. ಅವಳು ಫೋನನ್ನು ಎತ್ತಿ ಹಿಡಿದಳು. ಫೋಟೋ ಹೋಯಿತು. ಅರ್ಧ ನಿಮಿಷದಲ್ಲಿ ಮಾಲ್ಸುನ್‌ಳ ಉತ್ತರ ಬಂತು: ಬೆಳಿಗ್ಗೆಯಿಂದ ನೂರಾನಲವತ್ತು ಕೆಜಿ. ತಕ್ಕಡಿ ಮುಂದೆ ಆ ಹಾದೊಂಗ್ ಊರಿನವಳನ್ನ ಕೂರಿಸಿದ್ದೀನಿ, ಅವಳಿಗೆ ಏಳಕ್ಕೂ ಒಂದಕ್ಕೂ ವ್ಯತ್ಯಾಸ ಗೊತ್ತಿಲ್ಲ. ನೀವು ನಗ್ತಾ ಇರಿ.

ಮೀನುಪೇಟೆಯ ಮುಂದೆ ಇನ್ನೊಂದು ಫೋಟೋ. ಅಲ್ಲಿ ಒಳಗೆ ಹೋಗಲು ಯುರಾನ್ ಒಪ್ಪಲಿಲ್ಲ. ಹಸಿಮೀನಿನ ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದಳು. ಅಂದ ತಕ್ಷಣ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು ಅದಾಗಿರಬಹುದಾ?" ಎಂದ ಗಿಲ್ಸು.

"ರೊಟ್ಟಿಯ ಎಣ್ಣೆಗೂ ಆಗಬಹುದು."

"ದಿನಾ ಸಿಂಪಿ ಮಧ್ಯೆ ಕೂರೋಳಿಗೆ ಮೀನಿನ ವಾಸನೆ ಯಾವತ್ತು ತೊಳಸಿದೆ?"

"ಹೇಳ್ಬೇಡಿ. ಏನೂ ಹೇಳ್ಬೇಡಿ. ಹೋದ ಸಲವೂ ಹೀಗೇ ಎದೆ ನೋವು, ನಿದ್ದೆ, ಎಲ್ಲಾ ಇತ್ತು. ಸೂಜಿಯಿಂದಲೂ ಆಗುತ್ತಂತೆ." ಅವಳು ಫೋನಿನ ಗಂಟೆ ನೋಡಿದಳು. ಹನ್ನೊಂದೂ ಇಪ್ಪತ್ತು. ಧ್ವನಿ ಪೂರ್ತಿ ಏರಿಸಿದೆಯೇ ಎಂದು ಮತ್ತೆ ನೋಡಿದಳು.

ಸೊಂಗ್ದೊ ಕಡಲತೀರಕ್ಕೆ ಬಂದಾಗ ಹನ್ನೆರಡು ದಾಟಿತ್ತು. ತೀರದ ಈ ಕೊನೆಯಿಂದ ಆ ಕೊನೆಯ ಗುಡ್ಡಕ್ಕೆ, ನೀರಿನ ಮೇಲೆ, ತಂತಿಗೆ ಜೋತುಬಿದ್ದ ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವುಗಳಲ್ಲಿ ಕೆಲವಕ್ಕೆ ಗಾಜಿನ ತಳ.

"ಗಾಜಿನದರಲ್ಲಿ ಹೋಗೋಣ," ಎಂದ ಗಿಲ್ಸು.

"ದುಬಾರಿ."

"ಇರಲಿ." ಅವನು ಒಳಜೇಬಿನಿಂದ ನಾಲ್ಕು ಮಡಿಕೆಯ ನೋಟು ತೆಗೆದು ಟಿಕೆಟ್ ಕಿಟಕಿಯೊಳಗೆ ತಳ್ಳಿದ. ಆ ನೋಟು ಖರ್ಚಾಗಿ ಹೋದರೆ ಸಾಕಾಗಿತ್ತು ಅವನಿಗೆ. ಒಂದು ವಾರಕ್ಕೂ ಮೇಲೆ ಅದು ಎದೆಯ ಮೇಲೆ ಕೂತಿತ್ತು.

ಯುರಾನ್ ನೋಡಿದಳು. ಕೂಲಿಯೆಲ್ಲ ತಿಂಗಳ ಕೊನೆಗೆ ಮಾಲ್ಸುನ್ ಕೈಯಿಂದ ಯುರಾನ್ ಕೈಗೇ ಬರುತ್ತಿತ್ತು. ಗಿಲ್ಸುವಿನ ಜೇಬಿನಲ್ಲಿ ಸಿಗರೇಟಿನ ಚಿಲ್ಲರೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

"ಐವತ್ತು ಸಾವಿರದ ನೋಟು ಎಲ್ಲಿಂದ ಬಂತು?"

"ಇತ್ತು."

"ಎಲ್ಲಿಂದ ಇತ್ತು?"

ಹಿಂದಿನವರು ತಳ್ಳಿದರು. ಡಬ್ಬಿಯೊಳಗೆ ಹತ್ತಿಸಿದರು. ಅವರ ಎದುರಿಗೆ ಒಂದೇ ಬಣ್ಣದ ಜಾಕೆಟ್ ಹಾಕಿದ ಮುದುಕ ಮುದುಕಿ ಬಂದು ಕೂತರು. ಬಾಗಿಲು ಮುಚ್ಚಿತು. ನೆಲ ಬಿಟ್ಟಿತು. ಗಾಜಿನ ಕೆಳಗೆ ಹಸಿರು ನೀರು ತೆರೆಯಿತು. ಮುದುಕಿ ಗಂಡನ ತೊಡೆ ಹಿಡಿದುಕೊಂಡು, "ದೇಗು ಪಟ್ಟಣದಿಂದ ಬಂದ್ವಿ," ಎಂದು ತಾನೇ ಪರಿಚಯ ಹೇಳಿಕೊಂಡಳು. "ನಿಮಗೆ ಮದುವೆಯಾಗಿ ಹೊಸದಾ?"

"ಅಮ್ಮ ಕೊಟ್ರಾ?" ಯುರಾನ್ ಅವಳ ಕಡೆ ನೋಡಲೇ ಇಲ್ಲ. "ಅಮ್ಮ ನಿಮಗೆ ಯಾತಕ್ಕೆ ಐವತ್ತು ಸಾವಿರ ಕೊಡ್ತಾರೆ?"

ಗಿಲ್ಸು ಕಾಲ ಕೆಳಗಿನ ನೀರು ನೋಡಿದ. ಆಮೇಲೆ ಹೇಳಿದ. ಮೀನು, ಮೆಟ್ಟಿಲು, ರಜಾಯಿ, ಸೆರಗು, ಎಲ್ಲ. ಹೇಳುತ್ತ ಹೋದಂತೆ ಎದುರಿಗಿದ್ದ ಮುದುಕಿಯ ಬಾಯಿ ನಿಧಾನವಾಗಿ ತೆರೆದುಕೊಂಡಿತು.

"ಅಯ್ಯೋ ಮಗನೇ," ಎಂದಳು ಅವಳೇ ಮೊದಲು. "ಮಗುವಿನ ಕನಸು ಮಾರಿದ್ಯಾ?"

"ನಿಂಗೇನೇ, ಸುಮ್ಮನೆ ಸಮುದ್ರ ನೋಡು," ಎಂದ ಮುದುಕ.

ಯುರಾನ್‌ಳ ತುಟಿ ಬಿಳುಚಿತ್ತು. "ಶನಿವಾರ ಹಾಕಿಸ್ಕೊಂಡು ಬಂದೆ. ಸೋಮವಾರ ಮಾರಿದ್ರಿ."

"ನೀನು ಇದನ್ನೆಲ್ಲ ನಂಬ್ತೀಯಾ?"

"ನಂಬಲ್ಲ. ನಂಬದೆ ಇರೋರು ಮಾರಬಹುದಾ? ನಮ್ಮಣ್ಣನ ಹೆಂಡತಿಗೆ?"

"ಮಾರಲ್ಲ ಅಂದ್ರೆ ಯಾಕೆ ಅಂತಾರೆ. ಏನಂತ ಹೇಳ್ಲಿ? ಬಾಯಿಗೆ ಬೀಗ ಹಾಕಿದವಳು ನೀನು."

"ಸುಳ್ಳು ಹೇಳಿದ್ರಾಗಿತ್ತು. ಮೀನಲ್ಲ, ಚಪ್ಪಲಿ ಅಂದಿದ್ರಾಗಿತ್ತು."

"ಸುಳ್ಳು," ಎಂದ ಗಿಲ್ಸು, ಈಗ ಧ್ವನಿ ಏರಿತು. "ಎರಡು ವರ್ಷದಿಂದ ಬೇರೇನ್ ಮಾಡ್ತಿದ್ದೀನಿ ನಾನು? ನನ್ನಲ್ಲಿ ಏನೂ ಕೊರತೆ ಇಲ್ಲ ಅಂತ ಎರಡು ಆಸ್ಪತ್ರೆಯವರು ಕಾಗದದ ಮೇಲೆ ಬರ್ದುಕೊಟ್ಟಿದ್ದಾರೆ. ಆ ಕಾಗದ ನಿನ್ನ ಬಟ್ಟೆ ಕೆಳಗಿದೆ. ಮೊನ್ನೆ ಷೆಡ್ಡಿನಲ್ಲಿ ನಿಮ್ಮಮ್ಮ ಬೀಜ ಇಲ್ಲದ ಹಣ್ಣು ಅಂದ್ರು. ಹದಿನಾಲ್ಕು ಜನ ನಕ್ಕರು. ನೀನೇನ್ ಮಾಡ್ದೆ? ತಕ್ಕಡಿ ನೋಡ್ತಾ ಕೂತಿದ್ದೆ."

ಡಬ್ಬಿ ನಡು ಕಂಬ ದಾಟುವಾಗ ಒಮ್ಮೆ ಕುಲುಕಿತು. ಮುದುಕಿ ಗಂಡನ ಕೈ ಹಿಡಿದಳು. ಯುರಾನ್ ಗಾಜಿಗೆ ಹಣೆ ಒತ್ತಿ ಕೂತಳು. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. ಮೇಲಿಟ್ಟಿದ್ದಾಳೆಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

ಇಳಿಯುವ ಹೊತ್ತಿಗೆ ಮುದುಕಿ ಚೀಲದಿಂದ ಎರಡು ಕಿತ್ತಳೆ ತೆಗೆದು ಯುರಾನ್ ಕೈಗಿಟ್ಟಳು. "ಕೊಂಡವಳು ನಿಮ್ಮಮ್ಮ ತಾನೇ? ಇನ್ನೂ ಮನೆಯಲ್ಲೇ ಇದೆ ಬಿಡು. ವಾಪಸ್ ಕೊಂಡ್ಕೋ ತಾಯಿ. ನಮ್ಮ ಕಡೆ ಹಾಗೇ ಮಾಡ್ತಾರೆ."

"ಯಾವ ಕಡೆಯೂ ಹಾಗ್ ಮಾಡಲ್ಲ," ಎಂದ ಮುದುಕ, ಅವಳನ್ನು ಕೈಹಿಡಿದು ಎಳೆದುಕೊಂಡು ಹೋಗುತ್ತ.

ಆ ಕೊನೆಯ ಗುಡ್ಡದ ಮೇಲೆ ಅವರು ಅರ್ಧ ಗಂಟೆ ಬೇರೆ ಬೇರೆ ಬೆಂಚುಗಳಲ್ಲಿ ಕೂತರು. ವಾಪಸ್ ಬರುವಾಗ ಡಬ್ಬಿಯಲ್ಲಿ ಅವರಿಬ್ಬರೇ. ತೀರದಲ್ಲಿ ಹಂದಿಮಾಂಸದ ಸಾರು ಅನ್ನ ತರಿಸಿದರು. ಗಿಲ್ಸು ತನ್ನ ಬಟ್ಟಲಿನ ಮಾಂಸ ಆರಿಸಿ ಅವಳ ಬಟ್ಟಲಿಗೆ ಹಾಕಿದ. ಅವಳು ತಳ್ಳಲಿಲ್ಲ, ತಿನ್ನಲೂ ಇಲ್ಲ. ಫೋನು ಉಪ್ಪಿನ ಡಬ್ಬಿಗೆ ಒರಗಿ ನಿಂತಿತ್ತು. ಎರಡಾಯಿತು. ಎರಡೂಕಾಲಾಯಿತು. ಒಮ್ಮೆ ಹೊಡೆದುಕೊಂಡಿತು. ಮಾಲ್ಸುನ್: ಊರೆಲ್ಲ ಸುತ್ತಾಡಿ ಆಯ್ತಾ? ಫೋಟೋ ಎಲ್ಲಿ?

"ಕಳಿಸು," ಎಂದ ಗಿಲ್ಸು. "ಇಲ್ಲಾಂದ್ರೆ ಫೋನ್ ಮಾಡ್ತಾರೆ, ಆಗ ಆಸ್ಪತ್ರೆಯವರಿಗೆ ಲೈನ್ ಸಿಗಲ್ಲ."

ಸಾರಿನ ಬಟ್ಟಲುಗಳ ಮೇಲೆ ತಲೆಗಳನ್ನು ಹತ್ತಿರ ತಂದು ಹಲ್ಲು ತೋರಿಸಿದರು. ಪಕ್ಕದ ಮೇಜಿನವನು, ಎಷ್ಟು ಚೆಂದದ ಜೋಡಿ, ನಾನು ತೆಗೆದುಕೊಡಲಾ ಎಂದ.

ಎರಡೂ ನಲವತ್ತಕ್ಕೆ, ಮರಳಿನ ಅಂಚಿನ ಕಟ್ಟೆಯ ಮೇಲೆ ಕೂತಿದ್ದಾಗ, ಫೋನು ಬಂತು. ಯುರಾನ್ ಕಿವಿಗಿಟ್ಟುಕೊಂಡಳು. ಹೌದು ಎಂದಳು. ಹೌದು. ಎಷ್ಟು ಎಂದಳು. ಆಮೇಲೆ ಬಹಳ ಹೊತ್ತು ಸುಮ್ಮನೆ ಕೇಳಿದಳು. ಗಿಲ್ಸು ಅವಳ ಮುಖದಲ್ಲಿ ಹೌದನ್ನೋ ಇಲ್ಲವನ್ನೋ ಹುಡುಕಿದ. ಎರಡೂ ಸಿಗಲಿಲ್ಲ.

"ಮೂವತ್ತೆಂಟು," ಎಂದಳು, ಫೋನು ಇಳಿಸಿ.

"ಅಂದ್ರೆ?"

"ಇಲ್ಲ ಅಂತಿದ್ರೆ ರಕ್ತದಲ್ಲಿ ಗರ್ಭದ ಅಂಕಿ ಸೊನ್ನೆ ಬರುತ್ತೆ. ಚೆನ್ನಾಗಿದೆ ಅಂತಿದ್ರೆ ನೂರು ಬರಬೇಕಿತ್ತಂತೆ. ಇದು ಮೂವತ್ತೆಂಟು."

"ಅಂದ್ರೆ ಇದೆ."

"ಹಿಡ್ಕೊಂಡಿದೆ. ಗಟ್ಟಿಯಾಗಿ ಹಿಡಿದಿಲ್ಲ. ಶನಿವಾರ ಮತ್ತೆ ರಕ್ತ ಕೊಡ್ಬೇಕು. ಅಷ್ಟರಲ್ಲಿ ದುಪ್ಪಟ್ಟಾಗಬೇಕು. ಆಗಲಿಲ್ಲ ಅಂದ್ರೆ ಜಾರಿ ಹೋಗ್ತಿದೆ ಅಂತ ಅರ್ಥ." ಅವಳು ನರ್ಸಿನ ಧ್ವನಿಯಲ್ಲೇ ಹೇಳುತ್ತಿದ್ದಳು. "ಅಭಿನಂದನೆ ಹೇಳೋಕಾಗಲ್ಲ, ಬೇಜಾರು ಮಾಡ್ಕೊಳ್ಳೋದೂ ಬೇಡ ಅಂದ್ರು."

ಗಿಲ್ಸು ಅವಳ ಕೈ ಹಿಡಿಯಲು ಹೋದ. ಅವಳ ಕೈಯಲ್ಲಿ ಕಿತ್ತಳೆ ಇತ್ತು. ಅದನ್ನು ಬಿಡಿಸಿ ಎಂದು ಅವನಿಗೆ ಕೊಟ್ಟಳು. ಅವನು ಬಿಡಿಸಿದ. ಒಂದೊಂದೇ ತೊಳೆ ಅವಳು ತಿಂದಳು, ಔಷಧಿಯ ಹಾಗೆ.

ಬಸ್‌ಸ್ಟ್ಯಾಂಡಿನಲ್ಲಿ ಅವಳು ದುಡ್ಡಿನ ಯಂತ್ರದ ಮುಂದೆ ನಿಂತು ಐವತ್ತು ಸಾವಿರದ ಒಂದು ಹೊಸ ನೋಟು ತೆಗೆದಳು.

"ಏನಕ್ಕೆ?"

"ವಾಪಸ್ ಕೊಂಡ್ಕೋತೀನಿ."

"ಹುಚ್ಚಾ ನಿಂಗೆ? ಕೇಳಿದ ತಕ್ಷಣ ಗೊತ್ತಾಗಿಬಿಡುತ್ತೆ ಅವರಿಗೆ."

"ಗೊತ್ತಾಗಲಿ."

"ಶನಿವಾರದವರೆಗಾದ್ರೂ ತಡಿ. ಎರಡು ದಿನ."

"ಶನಿವಾರ ಅದು ಇಳಿದ್ರೆ? ನೀವು ಮಾರಿದ್ದಕ್ಕೇ ಇಳೀತು ಅಂತ ಸಾಯೋವರೆಗೂ ಅನ್ನಿಸುತ್ತೆ ನಂಗೆ. ದಿನಾ ನಿಮ್ಮ ಮುಖ ನೋಡ್ದಾಗೆಲ್ಲ ಅನ್ನಿಸುತ್ತೆ. ಹಾಗೆ ಬದುಕೋಕೆ ನಂಗೆ ಬೇಡ." ಅವಳು ನೋಟನ್ನು ಮಡಚಲಿಲ್ಲ, ಹಾಗೇ ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದಳು.

ಬಸ್ಸು ಸಮುದ್ರದಡಿಯ ಸುರಂಗ ಹೊಕ್ಕಾಗ ಫೋನಿನಲ್ಲಿ ಸಿಗ್ನಲ್ ಗೆರೆಗಳು ಒಂದೊಂದಾಗಿ ಇಳಿದವು. ಅವಳು ಕಣ್ಣು ಮುಚ್ಚಿದ್ದಳು. ಗಿಲ್ಸುವಿನ ತಲೆಯಲ್ಲಿ ಲೆಕ್ಕ ನಿಲ್ಲಲಿಲ್ಲ. ಮೂವತ್ತೆಂಟು, ಮೂವತ್ತೆಂಟು, ಎಪ್ಪತ್ತಾರು. ಎಪ್ಪತ್ತಾರು ಬಂದರೆ ಸಾಕು. ಎಪ್ಪತ್ತಾದರೂ ಸಾಕೇನೋ. ಅರವತ್ತು ಬಂದರೆ ಏನೆಂದು ಕೇಳುವುದನ್ನು ಅವರು ಮರೆತಿದ್ದರು.

ಷೆಡ್ಡು ಮುಟ್ಟಿದಾಗ ಐದೂವರೆ. ಹೊರಗೆ ಕತ್ತಲಿಳಿಯುತ್ತಿತ್ತು, ಒಳಗೆ ಎಲ್ಲ ದೀಪಗಳೂ ಉರಿಯುತ್ತಿದ್ದವು. ಸಂಜೆಯ ಲಾರಿಗೆ ಇನ್ನೂ ಎಂಬತ್ತು ಕೆಜಿ ಬಾಕಿ. ಹೆಂಗಸರ ಚಾಕುಗಳು ಯಾರೂ ತಡೆಯಲಾಗದ ವೇಗದಲ್ಲಿ ಓಡುತ್ತಿದ್ದವು. ಮಾಲ್ಸುನ್ ಮೇಜಿನ ಕೊನೆಯಲ್ಲಿ ನಿಂತು, ಬಿಡಿಸಿದ ಸಿಂಪಿಯನ್ನು ಉಪ್ಪುನೀರಿನಲ್ಲಿ ತೊಳೆದು ಚೀಲಗಳಿಗೆ ತುಂಬುತ್ತಿದ್ದಳು.

"ಬಂದ್ರಪ್ಪಾ ಪ್ರವಾಸಿಗರು," ಎಂದಳು. "ಏನೇನ್ ನೋಡಿದ್ರಿ? ನಮ್ಮ ಊರಲ್ಲಿಲ್ಲದ ಸಮುದ್ರ ಸಿಕ್ತಾ?"

ಹಾದೊಂಗಿನವಳು ತಕ್ಕಡಿಯ ಹಿಂದಿನಿಂದ ಎದ್ದು, "ಬಾ ಮಾರಾಯ್ತಿ, ಈ ಪೀಡೆ ನಿಂದೇ," ಎಂದಳು.

ಯುರಾನ್ ತಕ್ಕಡಿಯ ಕಡೆ ಹೋಗಲಿಲ್ಲ. ಒದ್ದೆ ನೆಲದ ಮೇಲೆ ಹೊಸ ಬೂಟಿನಲ್ಲೇ ನಡೆದು ತಾಯಿಯ ಮುಂದೆ ನಿಂತು, ನೋಟು ಚಾಚಿದಳು.

"ಏನಿದು?"

"ಇವರಿಂದ ಕನಸು ಕೊಂಡ್ಯಂತೆ. ವಾಪಸ್ ಕೊಡು."

ಹತ್ತಿರದ ನಾಲ್ಕೈದು ಚಾಕುಗಳು ನಿಧಾನವಾದವು.

"ಕೊಂಡದ್ದು ವಾಪಸ್ ಕೊಡೋಕೆ ಅದೇನು ಸಂತೆ ಚಪ್ಪಲೀನಾ?" ಎಂದಳು ಮಾಲ್ಸುನ್. "ಅವತ್ತೇ ಚಾಂಗ್ವೊನ್‌ಗೆ ಫೋನ್ ಮಾಡಿ ಹೇಳಾಯ್ತು. ಅವಳು ಹೂಂ ಅಂದಾಯ್ತು. ಇನ್ನೆಲ್ಲಿಂದ ತರಲಿ?"

"ಅವಳಿಗೆ ಫೋನ್ ಮಾಡು. ಇಲ್ಲ ಅಂತ ಹೇಳು."

"ಯಾಕೆ? ನಿಂಗ್ಯಾಕೆ ಅದು? ಈ ಬೀಜ ಇಲ್ಲದ..."

"ಅದನ್ನ ಇನ್ನು ಅನ್ಬೇಡ." ಯುರಾನ್‌ಳ ಧ್ವನಿ ಏರಲಿಲ್ಲ, ಆದರೆ ಮೇಜಿನ ಆ ತುದಿಯವರೆಗೂ ಕೇಳಿಸಿತು. "ಅವರಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಇರೋದು ನನ್ನಲ್ಲಿ. ಎರಡು ವರ್ಷದಿಂದ ಗೊತ್ತು ನಂಗೆ. ನೀನು ಅವರನ್ನ ಅಂದಾಗೆಲ್ಲ ನಾನು ಬಾಯಿ ಮುಚ್ಕೊಂಡಿದ್ದೆ. ಕನಸು ವಾಪಸ್ ಕೊಡು ಅಮ್ಮ."

ಎಲ್ಲ ಚಾಕುಗಳೂ ನಿಂತವು. ಈ ಸಲ ಯಾರೂ ನಗಲಿಲ್ಲ.

ಮಾಲ್ಸುನ್ ಮಗಳ ಮುಖ ನೋಡಿದಳು. ಆಮೇಲೆ ನೋಟು ನೋಡಿದಳು. ನೋಟು ಹಿಡಿಯದ ಇನ್ನೊಂದು ಕೈ ಎಲ್ಲಿದೆ ಎಂದು ನೋಡಿದಳು. ಅಲ್ಲಿಂದ ಅವಳ ಕಣ್ಣು ಕದಲಲಿಲ್ಲ. ರಬ್ಬರ್ ಕೈಗವಸುಗಳನ್ನು ಒಂದೊಂದೇ ಬೆರಳು ಎಳೆದು ಕಳಚಿದಳು. ಮೇಜು ಸುತ್ತಿಕೊಂಡು ಬಂದು, ಮಗಳನ್ನು ದಾಟಿ, ಅಳಿಯನ ಎದುರಿಗೆ ನಿಂತಳು. ಚಳಿನೀರಿಗೆ ಕೆಂಪಾಗಿದ್ದ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಏನಪ್ಪಾ," ಎಂದಳು. ಆ ಬಾಯಿಂದ ಅವನಿಗೆ ಅಂಥ ಧ್ವನಿ ಇದೇ ಮೊದಲು. "ಏನಾದ್ರೂ ಇದೆಯೇನಪ್ಪ? ಹೌದಾ? ನನ್ಹತ್ರ ಹೇಳಪ್ಪ."

ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಯುರಾನ್ ತಿರುಗಿ ನೋಡಿದಳು, ಮೆಲ್ಲಗೆ, ಅವನಿಗಷ್ಟೇ ಕಾಣುವಷ್ಟು ತಲೆಯಾಡಿಸಿದಳು. ಬೇಡ ಎಂದೋ, ಹೇಳಿ ಎಂದೋ ಅವನಿಗೆ ತಿಳಿಯಲಿಲ್ಲ. ಹೌದು ಎಂದರೆ ಶನಿವಾರದವರೆಗೆ ಈ ಷೆಡ್ಡಿನಲ್ಲಿ ಅವನಷ್ಟು ದೊಡ್ಡ ಅಳಿಯ ಇನ್ನೊಬ್ಬನಿರುವುದಿಲ್ಲ. ಅವನ ಬಟ್ಟಲಿಗೆ ದೊಡ್ಡ ತುಂಡು ಬೀಳುತ್ತದೆ. ಶನಿವಾರ ಒಂದು ಫೋನು ಬರುತ್ತದೆ. ಇಲ್ಲ ಎನ್ನಲು ಅವನಿಗೆ ನಾಲಿಗೆ ಹೊರಳುವುದಿಲ್ಲ. ಅಲ್ಲಿ, ಯುರಾನ್‌ಳ ಕೈ ಕೆಳಗೆ, ಮೂವತ್ತೆಂಟು ಇದೆ.

"ಬಾಯಿ ಬಿಡಪ್ಪಾ," ಎಂದಳು ಮಾಲ್ಸುನ್. ಅವಳು ಅವನ ತೋಳು ಹಿಡಿದಿದ್ದಳು.

ಗಿಲ್ಸು ಆ ಕೈಯನ್ನು ನೋಡಿದ. ಮೃದುವಾಗಿ, ಬೇರೆಯವರ ಸಾಮಾನು ತೆಗೆದಿಡುವ ಹಾಗೆ, ತನ್ನ ತೋಳಿನಿಂದ ಅದನ್ನು ಬಿಡಿಸಿದ. ಎರಡು ಮೇಜುಗಳ ನಡುವಿನ ದಾರಿಯಲ್ಲಿ, ಎರಡೂ ಕಡೆಯಿಂದ ಮುಖಗಳು ಜೊತೆಗೇ ತಿರುಗುತ್ತಿರಲು, ಅವಸರವಿಲ್ಲದೆ ನಡೆದ. ಬಾಗಿಲಿಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಪಟ್ಟಿಗಳನ್ನು ಸರಿಸಿದ. ಹಿಂದಿನಿಂದ "ಅಳಿಯಾ" ಎಂದು ಒಮ್ಮೆ ಕೇಳಿಸಿತು, ಮತ್ತೊಮ್ಮೆ ಕೇಳಿಸಿತು. ಅವನು ಚಿಪ್ಪಿನ ರಾಶಿಯ ಪಕ್ಕದಲ್ಲಿ ಹಾದು, ದೋಣಿಯ ಕಡೆ ನಡೆಯುತ್ತಲೇ ಹೋದ.